ಯಮಹಾ ಆರ್‌ಎಕ್ಸ್ 100: ಮೂಲರೂಪಕ್ಕೇ ಬೆಲೆ

ಜಪಾನಿನಿಂದ ಬಿಡಿಭಾಗ ತರಿಸಿ, 1985ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಭಾರತದಲ್ಲಿ ಜೋಡಿಸಲು ಆರಂಭಿಸಿದ ಬೈಕ್ ಇದು. 98 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, 11 ಅಶ್ವಶಕ್ತಿ, ಹಗುರ ಮೈ. 1996ರಲ್ಲಿ ಇದರ ತಯಾರಿಕೆ ನಿಂತಿತು.

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಂಜಿನ್, ಚಾಸಿಸ್ ನಂಬರು ಆರ್‌ಸಿಗೆ ತಾಳೆಯಾಗಬೇಕು. ಕಾರ್ಬ್ಯುರೇಟರ್, ಸೈಲೆನ್ಸರ್, ಮೀಟರು ಕಂಪನಿಯವೇ ಆಗಿರಬೇಕು. ‘ಮೇಡ್ ಇನ್ ಜಪಾನ್’ ಮುದ್ರೆಯ ಭಾಗಗಳುಳ್ಳ ಮೊದಮೊದಲ ಗಾಡಿಗಳಿಗಂತೂ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಮಾಸಿದ್ದರೂ ಮೂಲ ಬಣ್ಣವನ್ನು ಕೆರೆದು ಹೊಸದು ಹೊಡೆಸಬೇಡಿ. ಹೋದದ್ದು ಮರಳಿ ಸಿಗದು.

2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿಯೂ ಮೂಲರೂಪದಲ್ಲೇ ಉಳಿದ ಗಾಡಿಗಷ್ಟೇ ವಿಂಟೇಜ್ ನೋಂದಣಿ. ಮೊದಲ ಆರ್‌ಎಕ್ಸ್‌ಗಳಿಗೆ ಆ ವಯಸ್ಸು ತುಂಬುವುದು 2035ರಲ್ಲಿ.