ಹೊಸ ಕಂಪ್ಯೂಟರ್ ಕಣ್ಣು ಬಿಡದಿದ್ದಾಗ

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್, ಕೋಲಾರ ಸೀಮೆಯ ಕಂಪ್ಯೂಟರ್ ಆಸಕ್ತರಿಗೆ ಹೊಸ ಜಾಗವೇನಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ಸಿನಲ್ಲೋ, ಮಾಲೂರಿನಿಂದ ರೈಲಿನಲ್ಲೋ ಹೋಗಿ, ಒಂದಂಗಡಿಯಲ್ಲಿ ಪ್ರೊಸೆಸರ್, ಇನ್ನೊಂದರಲ್ಲಿ ಮದರ್‌ಬೋರ್ಡ್, ಮತ್ತೊಂದರಲ್ಲಿ ರ‍್ಯಾಮ್ ಕೊಂಡು ತಂದು ಮನೆಯಲ್ಲೇ ಜೋಡಿಸಿಕೊಂಡರೆ ನಾಲ್ಕು ಕಾಸು ಉಳಿಯುತ್ತದೆ, ಬೇಕಾದ್ದನ್ನೇ ಹಾಕಿಸಿಕೊಂಡಂತೆಯೂ ಆಗುತ್ತದೆ. ಆದರೆ ಕೆಲವೊಮ್ಮೆ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಪ್ರೊಸೆಸರ್ ಮಾರಿದವನು ತನ್ನ ಮಾಲು ಚೆನ್ನಾಗಿದೆ ಎನ್ನುತ್ತಾನೆ. ಮದರ್‌ಬೋರ್ಡ್ ಮಾರಿದವನೂ ಅದನ್ನೇ ಹೇಳುತ್ತಾನೆ. ವಿಚಿತ್ರವೆಂದರೆ ಇಬ್ಬರ ಮಾತೂ ನಿಜವಾಗಿರಬಹುದು! ಇದನ್ನು ತಿಳಿಯದೆ ಒಳ್ಳೆಯ ಬೋರ್ಡನ್ನು ಮೂಲೆಗೆ ಎಸೆದು, ಕೂಡಿಟ್ಟ ಹಣ ಹೋಯಿತೆಂದು ಕೈಚೆಲ್ಲುವುದುಂಟು.

ತೊಂದರೆ ಇರುವುದು ಮದರ್‌ಬೋರ್ಡಿನ ಮೇಲೆ ಕೂತ ಕಿರುಬೆರಳಿನ ಉಗುರಿನಷ್ಟು ದೊಡ್ಡ ಚಿಪ್ಪೊಂದರಲ್ಲಿ. ವಿದ್ಯುತ್ ಹರಿದ ಕೂಡಲೇ ಪ್ರೊಸೆಸರ್ ಮೊದಲು ಓದುವುದು ವಿಂಡೋಸನ್ನಲ್ಲ, ಈ ಚಿಪ್ಪಿನಲ್ಲಿರುವ ಪುಟ್ಟ ಕಾರ್ಯಕ್ರಮವನ್ನು. ಬಯಾಸ್ ಎಂದು ಹೆಸರಾದ ಈ ಫರ್ಮ್‌ವೇರ್, ಕೂತಿರುವ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಅದನ್ನು ಎಷ್ಟು ವೇಗದಲ್ಲಿ ಓಡಿಸಬೇಕು ಎಂದು ತಿಳಿದು ಎಲ್ಲವನ್ನೂ ಹದಕ್ಕೆ ತರುತ್ತದೆ. ಆಮೇಲೆ ಪರದೆ ಬೆಳಗುತ್ತದೆ. ಆದರೆ ಬಯಾಸ್‌ಗೆ ಗೊತ್ತಿರುವುದು ಅದನ್ನು ಬರೆದ ದಿನದವರೆಗಿನ ಲೋಕ ಮಾತ್ರ. ಆ ಬಳಿಕ ಹುಟ್ಟಿದ ಪ್ರೊಸೆಸರ್ ಸಾಕೆಟ್ಟಿನಲ್ಲಿ ಸರಿಯಾಗಿಯೇ ಕೂರಬಹುದು, ಬಯಾಸ್ ಮಾತ್ರ ಅದರ ಗುರುತು ಹಿಡಿಯದು. ‘ಇದು ಯಾರೆಂದು ತಿಳಿಯಲಿಲ್ಲ’ ಎಂದು ಹೇಳೋಣವೆಂದರೆ ಪರದೆಯೇ ಇನ್ನೂ ಎದ್ದಿರುವುದಿಲ್ಲ. ಹೀಗಾಗಿ ಹೊಂದಿಕೆಯಾಗದ ಯಂತ್ರ ಸತ್ತ ಯಂತ್ರದಂತೆಯೇ ಕಾಣುತ್ತದೆ.

ಎರಡೂ ಒಳ್ಳೆಯ ವಸ್ತುಗಳೇ ಆಗಿದ್ದು ಕೂಡಿ ಬಾಳಲಾಗದ ಸಂಗತಿ ಕೋಲಾರದ ನೆಲಕ್ಕೆ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ನ ಗಣಿಗಳಿಗೆ ಹರಿದು ಬಂದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನದ್ದು. ಮುಂದೆ ನಾಡೆಲ್ಲ 50ಕ್ಕೆ ಹೊಂದಿಕೊಂಡಿತು. 50ಕ್ಕೆಂದು ಮಾಡಿದ ಮೋಟಾರನ್ನು 25ರ ತಂತಿಗೆ ಹಾಗೆಯೇ ಜೋಡಿಸಿದರೆ ಅದು ಸರಿಯಾಗಿ ಓಡದು, ಕಾದು ಸುಟ್ಟರೂ ಸುಟ್ಟಿತು. ತಪ್ಪು ಮೋಟಾರಿನದೂ ಅಲ್ಲ, ತಂತಿಯದೂ ಅಲ್ಲ.

ಬಯಾಸ್ ಎಂಬ ಹೆಸರು ಕೊಟ್ಟವರು ಅಮೆರಿಕದ ಗ್ಯಾರಿ ಕಿಲ್ಡಾಲ್. 1970ರ ದಶಕದಲ್ಲಿ ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆದಾಗ ಅವರಿಗೆ ಒಂದು ತಲೆನೋವಿತ್ತು. ಒಬ್ಬೊಬ್ಬ ತಯಾರಕನ ಯಂತ್ರ ಒಂದೊಂದು ತೆರ. ಪ್ರತಿಯೊಂದಕ್ಕೂ ಇಡೀ ವ್ಯವಸ್ಥೆಯನ್ನು ಮತ್ತೆ ಬರೆಯುವುದೇ? ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನಷ್ಟೇ ಬೇರ್ಪಡಿಸಿ ಅದಕ್ಕೆ ಬಯಾಸ್ ಎಂದರು. ಉಳಿದದ್ದು ಎಲ್ಲಕ್ಕೂ ಒಂದೇ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರ ಬಹುತೇಕ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಯಾರಿಗೆ ಬೇಕಾದರೂ ಸಿಗುವಂಥವು. ಪ್ರೊಸೆಸರ್ ಇಂಟೆಲ್‌ನದು, ಡಾಸ್ ಮೈಕ್ರೋಸಾಫ್ಟ್‌ನದು. ಐಬಿಎಂನದೇ ಎನ್ನಬಹುದಾಗಿದ್ದ ಮುಖ್ಯ ಆಸ್ತಿ, ರಾಮ್ ಚಿಪ್ಪಿನಲ್ಲಲ್ಲ, ಅಳಿಸಲಾಗದ ರೋಮ್ ಚಿಪ್ಪಿನಲ್ಲಿ ಅಚ್ಚಾಗಿದ್ದ 8 ಕಿಲೋಬೈಟ್‌ನ ಬಯಾಸ್. ಅದನ್ನು ಕಂಪನಿ ಬಚ್ಚಿಡಲಿಲ್ಲ. ಸಾಲು ಸಾಲಾಗಿ ತಾಂತ್ರಿಕ ಕೈಪಿಡಿಯಲ್ಲಿ ಮುದ್ರಿಸಿಬಿಟ್ಟಿತು. ಔದಾರ್ಯವೆಂದು ಕಾಣುವ ಇದು ಒಳ್ಳೆಯ ಬಲೆಯೂ ಆಯಿತು. ಯಾರಾದರೂ ಅಂಥದ್ದೇ ಬರೆದರೆ ‘ನಮ್ಮದನ್ನು ನೋಡಿ ಕದ್ದಿರಿ’ ಎಂದು ಕೋರ್ಟಿಗೆಳೆಯಬಹುದಿತ್ತು. 1984ರಲ್ಲಿ ಈಗಲ್ ಮತ್ತು ಕರೋನಾ ಎಂಬ ಕಂಪನಿಗಳಿಗೆ ಆದದ್ದು ಅದೇ.

ಬಲೆ ತಪ್ಪಿಸಿಕೊಂಡವರು ಇಬ್ಬರ ಕೆಲಸವನ್ನು ಎರಡು ಕೋಣೆಗೆ ಹಂಚಿದರು. ಒಂದು ಗುಂಪು ಐಬಿಎಂನ ಬಯಾಸ್ ಓದಿ ಅದು ಏನೇನು ಮಾಡುತ್ತದೆಂಬುದನ್ನಷ್ಟೇ ಬರೆದಿಟ್ಟಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ಗುಂಪು ಆ ಟಿಪ್ಪಣಿಯ ಆಧಾರದಿಂದ ಹೊಸದಾಗಿ ಕಾರ್ಯಕ್ರಮ ಬರೆಯಿತು. ಕಾಂಪ್ಯಾಕ್ ತನಗಾಗಿ ಹೀಗೆ ಮಾಡಿಕೊಂಡು 1982ರಲ್ಲಿ ಯಂತ್ರವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇಂಥ ಬಯಾಸನ್ನು ಬೇಕೆಂದವರಿಗೆಲ್ಲ ಮಾರತೊಡಗಿತು. ಆಮೇಲೆ ಅವಾರ್ಡ್, ಅಮೆರಿಕನ್ ಮೆಗಾಟ್ರೆಂಡ್ಸ್ ಬಂದವು. ಮದರ್‌ಬೋರ್ಡ್ ಯಾರು ಬೇಕಾದರೂ ಮಾಡಬಹುದಾಯಿತು. ಎಸ್.ಪಿ. ರೋಡಿನ ‘ಅಸೆಂಬಲ್ಡ್’ ವ್ಯಾಪಾರದ ಬೇರು ಇಲ್ಲಿದೆ.

ನಮ್ಮ ಕಪ್ಪು ಪರದೆಯ ಬೇರೂ ಇಲ್ಲೇ ಇದೆ. ಒಂದೇ ಕಂಪನಿ ಎಲ್ಲವನ್ನೂ ಮಾಡುವಲ್ಲಿ ಭಾಗಗಳು ಕಾರ್ಖಾನೆಯಲ್ಲೇ ಒಂದನ್ನೊಂದು ಅರಿತು ಹೊರಬರುತ್ತವೆ. 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಸಮೂಹದ ಕೈಗೆ ಬಂದ ಕೋಲಾರ ತಾಲ್ಲೂಕಿನ ನರಸಾಪುರದ ಕಾರ್ಖಾನೆಯಲ್ಲಿ ತಯಾರಾಗುವ ಐಫೋನಿಗೆ ಈ ಕಾಯಿಲೆ ಇಲ್ಲ, ಯಂತ್ರವೂ ಅದರೊಳಗಿನ ಬರಹವೂ ಒಂದೇ ಕಂಪನಿಯ ಅಂಕೆಯಲ್ಲಿವೆ. ಬಿಡಿಯಾಗಿ ಕೊಂಡ ಕಂಪ್ಯೂಟರಿನಲ್ಲಿ ಹಾಗಲ್ಲ. ಹಲವು ತಿಂಗಳು ಗೋದಾಮಿನಲ್ಲಿ ಮಲಗಿದ್ದ ಬೋರ್ಡೂ ಮೊನ್ನೆ ಮೊನ್ನೆ ಬಂದ ಪ್ರೊಸೆಸರೂ ಮೊದಲ ಸಲ ಮುಖ ನೋಡುವುದು ಕೊಂಡವರ ಮನೆಯ ಮೇಜಿನ ಮೇಲೆ. ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಎನ್ನಬೇಕು.

ಪ್ರೊಸೆಸರ್ ಒಂದೇ ಅಲ್ಲ. 1990ರ ದಶಕದ ನಡುವೆ, ಹಳೆಯ ಬಯಾಸ್ ಇದ್ದ ಯಂತ್ರಕ್ಕೆ ಎಷ್ಟೇ ದೊಡ್ಡ ಹಾರ್ಡ್ ಡಿಸ್ಕ್ ಹಾಕಿದರೂ 504 ಮೆಗಾಬೈಟ್‌ನ ಆಚೆಗೆ ಕಾಣುತ್ತಿರಲಿಲ್ಲ. ಇಸವಿ 2000 ಹತ್ತಿರವಾದಾಗ ಹೊಸ ಶತಮಾನವನ್ನು ಗುರುತಿಸದ ಬಯಾಸ್‌ಗಳದೇ ಇನ್ನೊಂದು ಆತಂಕ.

ಮೊದಮೊದಲು ಇದಕ್ಕೆ ಮದ್ದೆಂದರೆ ಚಿಪ್ಪನ್ನೇ ಕಿತ್ತು ಬೇರೆಯದನ್ನು ಕೂರಿಸುವುದು. ಇಂಟೆಲ್‌ನ ಡೋವ್ ಫ್ರೋಮನ್ 1971ರಲ್ಲಿ ರೂಪಿಸಿದ ಇಪ್ರಾಮ್ ಚಿಪ್ಪಿನ ನೆತ್ತಿಯ ಮೇಲೆ ಗಾಜಿನ ಕಿಟಕಿ ಇರುತ್ತಿತ್ತು. ಅದರ ಮೂಲಕ ನೇರಳಾತೀತ ಕಿರಣ ಬಿಟ್ಟರೆ ಒಳಗಿನ ಬರಹ ಅಳಿಯುತ್ತಿತ್ತು. ತೋಶಿಬಾದ ಫ್ಯೂಜಿಯೋ ಮಸುವೋಕ 1984ರಲ್ಲಿ ಪ್ರಕಟಿಸಿದ ಫ್ಲ್ಯಾಶ್ ಸ್ಮೃತಿ ಬಂದ ಮೇಲೆ ಚಿಪ್ಪು ಕೀಳದೆ, ಕೂತಲ್ಲೇ ಅಳಿಸಿ ಬರೆಯುವುದು ಸಾಧ್ಯವಾಯಿತು.

ಬರೆಯಬಹುದಾದದ್ದನ್ನು ಕೆಡಿಸಲೂಬಹುದು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಹಾರ್ಡ್ ಡಿಸ್ಕುಗಳನ್ನು ಅಳಿಸಿದ್ದಲ್ಲದೆ, ಕೆಲವು ಯಂತ್ರಗಳ ಬಯಾಸನ್ನೇ ಹಾಳುಗೆಡವಿ ಏಳದಂತೆ ಮಾಡಿತು. ಕಾಲಕ್ರಮದಲ್ಲಿ ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಎಂಬ ದೊಡ್ಡ ವ್ಯವಸ್ಥೆ ಬಂದಿದೆ, ಅಂಗಡಿಯವರ ಬಾಯಲ್ಲಿ ಈಗಲೂ ಅದು ಬಯಾಸೇ.

ಇತ್ತೀಚಿನ ದೊಡ್ಡ ಪ್ರಸಂಗ ಎಎಂಡಿ ಕಂಪನಿಯದು. ಅದರ ಎಎಂ4 ಸಾಕೆಟ್‌ಗೆ 2017ರಲ್ಲಿ ರೈಜನ್ ಪ್ರೊಸೆಸರ್‌ಗಳು ಬಂದವು. ಒಂದೇ ಸಾಕೆಟ್ ಹಲವು ವರ್ಷ ನಡೆಯುವುದೆಂಬ ಭರವಸೆ ಗ್ರಾಹಕರಿಗೆ ಇಷ್ಟವಾಯಿತು. 2018ರ ಫೆಬ್ರವರಿಯಲ್ಲಿ 2200ಜಿ, 2400ಜಿ ಮಾದರಿಗಳು ಬಂದಾಗ ಅಂಗಡಿಗಳಲ್ಲಿದ್ದ ಹಳೆಯ ಬೋರ್ಡುಗಳು ಅವನ್ನು ಗುರುತಿಸಲಿಲ್ಲ. ಬಯಾಸ್ ಹೊಸದು ಮಾಡಲು ಯಂತ್ರ ಏಳಬೇಕು, ಏಳಲು ಬಯಾಸ್ ಹೊಸದಾಗಿರಬೇಕು! ಕೊನೆಗೆ ಕಂಪನಿಯೇ ಹಳೆಯ ಪ್ರೊಸೆಸರ್‌ಗಳನ್ನು ಕೆಲ ದಿನದ ಮಟ್ಟಿಗೆ ಗ್ರಾಹಕರಿಗೆ ಎರವಲು ಕಳುಹಿಸಿತು. ಅದನ್ನು ಹಾಕಿ ಬಯಾಸ್ ಬದಲಿಸಿ, ಬಳಿಕ ಹೊಸದನ್ನು ಕೂರಿಸುವುದು.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರೊಸೆಸರ್‌ಗಳ ಸಂಖ್ಯೆ ಬೆಳೆದಂತೆ ಎಲ್ಲದರ ವಿವರಕ್ಕೂ 16 ಮೆಗಾಬೈಟ್ ಚಿಪ್ಪಿನಲ್ಲಿ ಜಾಗ ಸಾಲದಾಯಿತು. ಹಿಂದೆ 8 ಕಿಲೋಬೈಟ್‌ನಲ್ಲಿ ಮುಗಿಯುತ್ತಿದ್ದ ಕೆಲಸವಿದು! 2020ರ ಮೇ ತಿಂಗಳಲ್ಲಿ ಎಎಂಡಿ, ಮುಂದಿನ ಪ್ರೊಸೆಸರ್‌ಗಳು ಬಿ450ರಂಥ ಬೋರ್ಡುಗಳಲ್ಲಿ ಓಡುವುದಿಲ್ಲ ಎಂದಿತು. ಬಳಕೆದಾರರು ಸಿಟ್ಟಿಗೆದ್ದರು, ಅದೇ ತಿಂಗಳು ಕಂಪನಿ ಮಾತು ಬದಲಿಸಿತು. ಆದರೆ ಒಂದು ಷರತ್ತಿತ್ತು. ಹೊಸ ಬಯಾಸ್ ಹಾಕಿದರೆ ಹಲವು ಹಳೆಯ ಪ್ರೊಸೆಸರ್‌ಗಳ ಗುರುತು ಬೋರ್ಡಿಗೆ ಮರೆತುಹೋಗುತ್ತದೆ. ಇಂಟೆಲ್ ಕಡೆಯೂ ಇದು ತಪ್ಪಿದ್ದಲ್ಲ: 2022ರಲ್ಲಿ ಬಂದ 13ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಹಿಂದಿನ ವರ್ಷದ 600 ಸರಣಿಯ ಬೋರ್ಡುಗಳಲ್ಲಿ ಹೊಸ ಬಯಾಸ್ ಬೇಕಾಯಿತು.

ಈಗ ಅನೇಕ ಬೋರ್ಡುಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿ ಇರುತ್ತದೆ. ತಯಾರಕರ ತಾಣದಿಂದ ಆ ಬೋರ್ಡಿನದೇ ಫೈಲು ಇಳಿಸಿಕೊಂಡು, ಎಫ್‌ಎಟಿ32 ಪದ್ಧತಿಯಲ್ಲಿ ಸಿದ್ಧಗೊಳಿಸಿದ ಪೆನ್‌ಡ್ರೈವ್‌ಗೆ ಕೈಪಿಡಿ ಹೇಳಿದ ಹೆಸರಿನಲ್ಲಿ ಹಾಕಿ, ನಿಗದಿಯಾದ ಕಿಂಡಿಗೆ ಚುಚ್ಚಿ ಗುಂಡಿ ಒತ್ತಿದರೆ ಸಾಕು. ಪ್ರೊಸೆಸರ್ ಇಲ್ಲದಿದ್ದರೂ ಪುಟ್ಟ ಸಹಾಯಕ ಚಿಪ್ಪು ಕೆಲಸ ಮುಗಿಸುತ್ತದೆ. ಗುಂಡಿ ಇಲ್ಲದ ಅಗ್ಗದ ಬೋರ್ಡಾದರೆ, ಅದಕ್ಕೆ ಹೊಂದುವ ಹಳೆಯ ಪ್ರೊಸೆಸರನ್ನು ಡ್ರಾಯರಿನಲ್ಲಿಟ್ಟುಕೊಂಡ ರಿಪೇರಿಯವರನ್ನು ಹುಡುಕಬೇಕು, ಇಲ್ಲವೇ ಕೊಳ್ಳುವಾಗಲೇ ಅಂಗಡಿಯಲ್ಲಿ ಬಯಾಸ್ ಬದಲಿಸಿಕೊಡಲು ಕೇಳಬೇಕು. ಡಬ್ಬದ ಮೇಲೆ ಇಂಥ ಪ್ರೊಸೆಸರ್‌ಗೆ ಸಿದ್ಧ ಎಂಬ ಚೀಟಿ ಅಂಟಿಸಿದ್ದರೆ ಈ ತಾಪತ್ರಯವಿಲ್ಲ.

ಬರೆಯುವ ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಅರ್ಧ ಬರೆದ ಚಿಪ್ಪು ಯಂತ್ರವನ್ನು ನಿಜಕ್ಕೂ ಮಲಗಿಸಬಹುದು. ಎರಡು ಚಿಪ್ಪುಗಳಿರುವ ಬೋರ್ಡೋ ಫ್ಲ್ಯಾಶ್‌ಬ್ಯಾಕ್ ಇರುವ ಬೋರ್ಡೋ ಆದರೆ ಮತ್ತೆ ಎಬ್ಬಿಸಬಹುದು. ಅದಿಲ್ಲದವರು ಪಕ್ಕದ ಮನೆಯಿಂದಲಾದರೂ ಯುಪಿಎಸ್ ತಂದಿಟ್ಟುಕೊಂಡು ಕೆಲಸಕ್ಕೆ ಕೈಹಾಕುವುದು ಲೇಸು.