ಓಲ್ಡ್ ನಂಬರ್ ಒನ್: ಬೆಂಟ್ಲಿ ಸ್ಪೀಡ್ ಸಿಕ್ಸ್ ರೇಸ್ ಕಾರು

ಓಲ್ಡ್ ನಂಬರ್ ಒನ್ ಇಂಗ್ಲೆಂಡಿನ ಬೆಂಟ್ಲಿ ಮೋಟರ್ಸ್ ಕಂಪನಿ 1929ರಲ್ಲಿ ರೇಸಿಗೆ ಇಳಿಸಿದ ಸ್ಪೀಡ್ ಸಿಕ್ಸ್ ಮಾದರಿಯ ಕಾರು. ಇದರ ನೋಂದಣಿ ಸಂಖ್ಯೆ ಎಂಟಿ 3464. ಫ್ರಾನ್ಸಿನ ಲೆ ಮಾನ್ ಊರಿನಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಇದು 1929 ಮತ್ತು 1930ರಲ್ಲಿ ಸತತವಾಗಿ ಗೆದ್ದು, ಆ ರೇಸನ್ನು ಎರಡು ಬಾರಿ ಗೆದ್ದ ಮೊದಲ ಕಾರು ಎಂದು ಹೆಸರಾಯಿತು. ಮುಂದೆ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಮತ್ತೊಂದು ದೊಡ್ಡ ಗೆಲುವನ್ನೂ ಒಬ್ಬ ಚಾಲಕನ ಸಾವನ್ನೂ ಕಂಡಿತು. ಹಲವು ಬಾರಿ ಬಿಚ್ಚಿಸಿಕೊಂಡು, ಮರಳಿ ಕಟ್ಟಿಸಿಕೊಂಡು, ಕೈಯಿಂದ ಕೈಗೆ ದಾಟಿ, 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ನಿಂತಿತು. ಬಿಡಿಭಾಗಗಳೆಲ್ಲ ಬದಲಾದ ಮೇಲೂ ಒಂದು ಕಾರು ಅದೇ ಕಾರಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರದಿಂದಾಗಿ, ಹಳೆಯ ರೇಸ್ ಕಾರುಗಳ ಚರಿತ್ರೆಯಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ.

ಹಿನ್ನೆಲೆ

ಡಬ್ಲ್ಯು. ಓ. ಬೆಂಟ್ಲಿ 1919ರಲ್ಲಿ ಕಂಪನಿ ಕಟ್ಟಿದರು. ಕಾರ್ಖಾನೆ ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿತ್ತು. ಕಾರಿನ ಗಟ್ಟಿತನ ಜನರಿಗೆ ತಿಳಿಯಬೇಕಾದರೆ ಅದನ್ನು ರೇಸಿನಲ್ಲಿ ಓಡಿಸಿ ತೋರಿಸಬೇಕೆಂಬುದು ಅವರ ನಂಬಿಕೆ. ಹಗಲೂ ರಾತ್ರಿಯೂ ಬಿಡುವಿಲ್ಲದೆ ನಡೆಯುವ ಲೆ ಮಾನ್ ಅದಕ್ಕೆ ತಕ್ಕ ಕಣವಾಗಿತ್ತು. ಬೆಂಟ್ಲಿ ಕಾರುಗಳು ಅಲ್ಲಿ 1924ರಲ್ಲಿ ಮೊದಲ ಸಲ ಗೆದ್ದವು, 1927 ಮತ್ತು 1928ರಲ್ಲಿ ಮತ್ತೆ ಗೆದ್ದವು.

ಕೀರ್ತಿ ಬೆಳೆದಷ್ಟು ವೇಗವಾಗಿ ಗಲ್ಲಾಪೆಟ್ಟಿಗೆ ತುಂಬಲಿಲ್ಲ. 1926ರಲ್ಲಿ ಕಂಪನಿಗೆ ಆಸರೆಯಾದವರು ವೂಲ್ಫ್ ಬಾರ್ನಾಟೋ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಗಳಲ್ಲಿ ಅಪಾರ ಸಂಪತ್ತು ಗಳಿಸಿದ್ದ ಬಾರ್ನಿ ಬಾರ್ನಾಟೋ ಅವರ ಮಗ. ಹಣ ಹೂಡಿ ಅಧ್ಯಕ್ಷರಾದ ಅವರು ಕಂಪನಿಯ ರೇಸ್ ಕಾರುಗಳ ಚುಕ್ಕಾಣಿಯನ್ನೂ ಹಿಡಿದರು. ಅವರ ಸುತ್ತ ನೆರೆದ ಸಾಹಸಿ ಗೆಳೆಯರ ಗುಂಪಿಗೆ ಪತ್ರಿಕೆಗಳು ‘ಬೆಂಟ್ಲಿ ಬಾಯ್ಸ್’ ಎಂದು ಹೆಸರಿಟ್ಟವು. ಅವರಲ್ಲಿ ಸಿರಿವಂತರಿದ್ದರು, ನೌಕಾಪಡೆಯಿಂದ ಬಂದವರಿದ್ದರು, ಒಬ್ಬ ವೈದ್ಯರೂ ಇದ್ದರು.

ವಿನ್ಯಾಸ

ಬೆಂಟ್ಲಿಯ ಆರೂವರೆ ಲೀಟರ್ ಕಾರು 1926ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನೇ ಹುರಿಗೊಳಿಸಿ 1928ರಲ್ಲಿ ಹೊರತಂದ ರೂಪ ಸ್ಪೀಡ್ ಸಿಕ್ಸ್. ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್, 6,597 ಸಿಸಿ ಸಾಮರ್ಥ್ಯ, ಪ್ರತಿ ಸಿಲಿಂಡರಿಗೆ ನಾಲ್ಕು ಕವಾಟ ಮತ್ತು ಎರಡು ಸ್ಪಾರ್ಕ್ ಪ್ಲಗ್, ಎಂಜಿನ್ನಿನ ತಲೆಯ ಮೇಲೆ ಒಂದೇ ಕ್ಯಾಮ್‌ಶಾಫ್ಟ್. ಇಂಧನ ಪೂರೈಕೆಗೆ ಎರಡು ಎಸ್‌ಯು ಕಾರ್ಬುರೇಟರುಗಳು. ರೇಸಿಗೆ ಸಜ್ಜಾದಾಗ ಸುಮಾರು 200 ಅಶ್ವಶಕ್ತಿ ಕೊಡುತ್ತಿತ್ತು.

ಎಂಜಿನ್ನಿಗೆ ಗಾಳಿ ತುರುಕಿ ಹೆಚ್ಚು ಶಕ್ತಿ ಹಿಂಡುವ ಸೂಪರ್‌ಚಾರ್ಜರ್ ಬೆಂಟ್ಲಿಯವರಿಗೆ ಒಗ್ಗುತ್ತಿರಲಿಲ್ಲ. ವೇಗ ಬೇಕಿದ್ದರೆ ಎಂಜಿನ್ನನ್ನೇ ದೊಡ್ಡದು ಮಾಡಬೇಕು, ಅದು ಆಯಾಸವಿಲ್ಲದೆ ದುಡಿಯಬೇಕು ಎಂಬ ಅವರ ನಿಲುವಿಗೆ ಸ್ಪೀಡ್ ಸಿಕ್ಸ್ ಒಳ್ಳೆಯ ಸಾಕ್ಷಿ. ಈ ಕಾರು ಭಾರವಾಗಿತ್ತು, ಆದರೆ ದಣಿಯುತ್ತಿರಲಿಲ್ಲ.

1929ರ ಋತು

ಕಾರಿನ ಮೊದಲ ರೇಸ್ 1929ರ ಮೇ ತಿಂಗಳ ಬ್ರೂಕ್‌ಲ್ಯಾಂಡ್ಸ್ ‘ಡಬಲ್ ಟ್ವೆಲ್ವ್’. ಸುತ್ತಲಿನ ನಿವಾಸಿಗಳ ನಿದ್ದೆ ಕೆಡುವುದೆಂದು ಆ ಟ್ರ್ಯಾಕಿನಲ್ಲಿ ರಾತ್ರಿ ಓಟಕ್ಕೆ ನಿಷೇಧವಿತ್ತು. ಆದ್ದರಿಂದ 24 ಗಂಟೆಗಳನ್ನು ಎರಡು ಹಗಲುಗಳಿಗೆ ಹಂಚಿ ಓಡಿಸುತ್ತಿದ್ದರು. ಡೈನಮೋ ಕೈಕೊಟ್ಟು ಸ್ಪೀಡ್ ಸಿಕ್ಸ್ ಅರ್ಧದಲ್ಲೇ ಕಣದಿಂದ ಹೊರಬಿತ್ತು.

ಜೂನ್ ತಿಂಗಳಲ್ಲಿ ಲೆ ಮಾನ್‌ಗೆ ಹೋದಾಗ ಕಾರಿಗೆ ಸಿಕ್ಕ ಸ್ಪರ್ಧಾ ಸಂಖ್ಯೆ 1. ಕಾರಿನ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಬಾರ್ನಾಟೋ ಮತ್ತು ಸರ್ ಹೆನ್ರಿ ‘ಟಿಮ್’ ಬರ್ಕಿನ್ ಸರದಿಯಂತೆ ಓಡಿಸಿ, ಮೊದಲಿನಿಂದ ಕೊನೆಯವರೆಗೂ ಮುಂದಿದ್ದು, 2,843 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿ ಗೆದ್ದರು. ಹಿಂದೆ ಬಂದ ಮೂರು ನಾಲ್ಕೂವರೆ ಲೀಟರ್ ಬೆಂಟ್ಲಿಗಳು ಎರಡು, ಮೂರು, ನಾಲ್ಕನೆಯ ಸ್ಥಾನ ಪಡೆದವು. ಎದುರಾಳಿಗಳು ಎಷ್ಟು ಹಿಂದುಳಿದಿದ್ದರೆಂದರೆ, ಕಾರುಗಳನ್ನು ಸುಮ್ಮನೆ ದಂಡಿಸುವುದು ಬೇಡ, ನಿಧಾನಿಸಿ ಎಂದು ಬೆಂಟ್ಲಿಯವರು ತಮ್ಮ ಚಾಲಕರಿಗೆ ಸೂಚಿಸಬೇಕಾಯಿತು.

ಅದೇ ತಿಂಗಳ ಕೊನೆಯಲ್ಲಿ ಬಾರ್ನಾಟೋ ಮತ್ತು ಜ್ಯಾಕ್ ಡನ್‌ಫೀ ಬ್ರೂಕ್‌ಲ್ಯಾಂಡ್ಸ್‌ನ ಆರು ಗಂಟೆಗಳ ರೇಸನ್ನು ಗೆದ್ದರು. ಜುಲೈನಲ್ಲಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ನಡೆದ ಐರಿಷ್ ಗ್ರ್ಯಾನ್ ಪ್ರಿಯಲ್ಲಿ ಗ್ಲೆನ್ ಕಿಡ್‌ಸ್ಟನ್ ಸ್ವಲ್ಪದರಲ್ಲೇ ಗೆಲುವು ತಪ್ಪಿ ಎರಡನೆಯವರಾದರು. ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಆರ್ಡ್ಸ್ ರಸ್ತೆಗಳಲ್ಲಿ ಅವರ ಕೈಯಲ್ಲೇ ಕಾರು ಜಾರಿ ಅಪಘಾತಕ್ಕೀಡಾಯಿತು. ಅಕ್ಟೋಬರಿನ ಬ್ರೂಕ್‌ಲ್ಯಾಂಡ್ಸ್ 500 ಮೈಲಿ ರೇಸಿನ ಹೊತ್ತಿಗೆ ರಿಪೇರಿಯಾಗಿ ಬಂದು ಎರಡನೆಯ ಸ್ಥಾನ ಗಳಿಸಿತು. ಒಂದೇ ಋತುವಿನಲ್ಲಿ ಕೆಟ್ಟು, ಗೆದ್ದು, ಜಖಂಗೊಂಡು, ಮತ್ತೆ ಎದ್ದು ನಿಂತ ಈ ಓಟಗಳ ನಡುವೆ ಕಾರ್ಖಾನೆಯ ಮೆಕ್ಯಾನಿಕ್‌ಗಳು ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸುತ್ತಲೇ ಇದ್ದರು. ಅರವತ್ತು ವರ್ಷಗಳ ನಂತರ ಕೋರ್ಟಿಗೆ ಹೋದ ಪ್ರಶ್ನೆಯ ಬೀಜ ಇಲ್ಲೇ ಬಿದ್ದಿತ್ತು.

1930: ಎರಡನೆಯ ಗೆಲುವು

1930ರ ಲೆ ಮಾನ್‌ಗೆ ಕಂಪನಿ ಮೂರು ಸ್ಪೀಡ್ ಸಿಕ್ಸ್‌ಗಳನ್ನು ಕಳಿಸಿತು. ಬಾರ್ನಾಟೋ ಮತ್ತು ಕಿಡ್‌ಸ್ಟನ್ ಜೋಡಿಗೆ ಸಿಕ್ಕ ಓಲ್ಡ್ ನಂಬರ್ ಒನ್ ಈ ಸಲ 4ನೆಯ ಸಂಖ್ಯೆ ಹೊತ್ತಿತ್ತು. ಎದುರಿಗೆ ರುಡಾಲ್ಫ್ ಕರಾಚಿಯೋಲಾ ಮತ್ತು ಕ್ರಿಸ್ಟಿಯನ್ ವರ್ನರ್ ಓಡಿಸುತ್ತಿದ್ದ ಏಳು ಲೀಟರ್ ಮೀರಿದ ಮರ್ಸಿಡಿಸ್ ಎಸ್‌ಎಸ್‌ಕೆ ಒಂದೇ ಒಂದು. ಅದರ ಸೂಪರ್‌ಚಾರ್ಜರ್ ಪೆಡಲನ್ನು ಪೂರ್ತಿ ತುಳಿದಾಗ ಮಾತ್ರ ಕೆಲಸ ಮಾಡುತ್ತಿತ್ತು, ಬಹಳ ಹೊತ್ತು ಬಳಸಿದರೆ ಎಂಜಿನ್ನಿಗೇ ಅಪಾಯ.

ಮೊದಲು ಬೆನ್ನು ಹತ್ತಿದ್ದು ಬರ್ಕಿನ್, ಡೊರೊತಿ ಪ್ಯಾಜೆಟ್ ಅವರ ಖಾಸಗಿ ತಂಡದ ಸೂಪರ್‌ಚಾರ್ಜ್ಡ್ ಬೆಂಟ್ಲಿಯಲ್ಲಿ. ಉದ್ದನೆಯ ನೇರ ರಸ್ತೆಯಲ್ಲಿ ಎರಡು ಚಕ್ರ ಹುಲ್ಲಿಗಿಳಿಸಿ ಮರ್ಸಿಡಿಸನ್ನು ಹಿಂದೆ ಹಾಕಿದರು. ಟೈರು ಕಿತ್ತು ಹೋಗುತ್ತಿದ್ದರೂ ವೇಗ ತಗ್ಗಿಸಲಿಲ್ಲ. ಆಮೇಲೆ ಬಾರ್ನಾಟೋ ಮತ್ತು ಕಿಡ್‌ಸ್ಟನ್ ಗಂಟೆಗಟ್ಟಲೆ ಬೆನ್ನು ಬಿಡದೆ ಮರ್ಸಿಡಿಸ್ ಮತ್ತೆ ಮತ್ತೆ ಸೂಪರ್‌ಚಾರ್ಜರ್ ಬಳಸುವಂತೆ ಮಾಡಿದರು. ನಡುರಾತ್ರಿ ಕಳೆದ ಮೇಲೆ ಮರ್ಸಿಡಿಸಿನ ದೀಪಗಳು ಮಂಕಾದವು, ಬ್ಯಾಟರಿ ಬರಿದಾಗಿ ಕಾರು ನಿಂತೇಬಿಟ್ಟಿತು. ಓಲ್ಡ್ ನಂಬರ್ ಒನ್ 2,930 ಕಿ.ಮೀ. ದಾಟಿ ಗೆದ್ದಿತು. ಇನ್ನೊಂದು ಸ್ಪೀಡ್ ಸಿಕ್ಸ್ ಎರಡನೆಯದಾಯಿತು. ಬಾರ್ನಾಟೋ ಲೆ ಮಾನ್‌ನಲ್ಲಿ ಓಡಿದ್ದು ಮೂರೇ ಸಲ, ಮೂರರಲ್ಲೂ ಗೆದ್ದರು.

ಅದೇ ವರ್ಷದ ಮಾರ್ಚಿನಲ್ಲಿ ಫ್ರಾನ್ಸಿನ ‘ಬ್ಲೂ ಟ್ರೇನ್’ ಎಕ್ಸ್‌ಪ್ರೆಸ್ ರೈಲಿಗೆ ಪೈಪೋಟಿಯಾಗಿ ಬಾರ್ನಾಟೋ ಕಾರು ಓಡಿಸಿದ ಪ್ರಸಂಗವನ್ನು ಕೆಲವರು ಈ ಕಾರಿಗೆ ಅಂಟಿಸುವುದುಂಟು. ಅಂದು ಅವರು ಓಡಿಸಿದ್ದು ರಸ್ತೆ ಬಳಕೆಯ ಬೇರೊಂದು ಸ್ಪೀಡ್ ಸಿಕ್ಸ್.

ಬ್ರೂಕ್‌ಲ್ಯಾಂಡ್ಸ್: ಗೆಲುವು ಮತ್ತು ದುರಂತ

1930ರ ಲೆ ಮಾನ್ ಗೆಲುವಿನ ನಂತರ ಬೆಂಟ್ಲಿ ಕಂಪನಿ ರೇಸಿನಿಂದ ಹಿಂದೆ ಸರಿಯಿತು. ಆರ್ಥಿಕ ಕುಸಿತದ ಹೊಡೆತಕ್ಕೆ 1931ರಲ್ಲಿ ದಿವಾಳಿಯಾಯಿತು, ಆ ವರ್ಷದ ಕೊನೆಗೆ ರೋಲ್ಸ್ ರಾಯ್ಸ್ ಪಾಲಾಯಿತು. ಕಂಪನಿ ಮುಳುಗಿದರೂ ಕಾರು ಓಡುತ್ತಿತ್ತು. 1931ರ ಅಕ್ಟೋಬರಿನಲ್ಲಿ ಜ್ಯಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸನ್ನು ಗಂಟೆಗೆ 118 ಮೈಲಿ, ಎಂದರೆ ಸುಮಾರು 190 ಕಿ.ಮೀ. ಸರಾಸರಿಯಲ್ಲಿ ಗೆದ್ದರು.

ಮರುವರ್ಷ ಕಾರು ಇನ್ನಷ್ಟು ಬದಲಾಯಿತು. ಬೆಂಟ್ಲಿಯ ನಾಲ್ಕು ಲೀಟರ್ ಮಾದರಿಯ ಚಾಸಿ, ಅದರೊಳಗೆ ಎಂಟು ಲೀಟರ್ ಎಂಜಿನ್. 1932ರ ಸೆಪ್ಟೆಂಬರ್ 24ರಂದು ಅದೇ 500 ಮೈಲಿ ರೇಸಿನಲ್ಲಿ ಡನ್‌ಫೀ ಸಹೋದರರು ಇದನ್ನು ಹಂಚಿಕೊಂಡು ಓಡಿಸುತ್ತಿದ್ದರು. ಬ್ರೂಕ್‌ಲ್ಯಾಂಡ್ಸ್‌ನ ತಿರುವುಗಳು ಬಾಣಲೆಯ ಅಂಚಿನಂತೆ ಮೇಲೆದ್ದ ಕಾಂಕ್ರೀಟ್ ಇಳಿಜಾರುಗಳು. ಅಣ್ಣನಿಂದ ಸರದಿ ಪಡೆದ ಕ್ಲೈವ್ ಡನ್‌ಫೀ ‘ಮೆಂಬರ್ಸ್ ಬ್ಯಾಂಕಿಂಗ್’ ತಿರುವಿನಲ್ಲಿ ತೀರ ಮೇಲಕ್ಕೆ ಹೋದಾಗ ಚಕ್ರ ಅಂಚನ್ನು ದಾಟಿತು, ಕಾರು ಆಚೆಗೆ ಹಾರಿ ಬಿತ್ತು. ಕ್ಲೈವ್ ಸ್ಥಳದಲ್ಲೇ ತೀರಿಕೊಂಡರು. ಅದರೊಂದಿಗೆ ಓಲ್ಡ್ ನಂಬರ್ ಒನ್‌ನ ರೇಸ್ ಬದುಕೂ ಮುಗಿಯಿತು.

ಮಾಲೀಕರು ಮತ್ತು ರೂಪಾಂತರಗಳು

ಉಳಿದ ಭಾಗಗಳನ್ನು ಗುಜರಿಗೆ ಹಾಕಲಿಲ್ಲ. ಬಾರ್ನಾಟೋ ಅವುಗಳಿಂದಲೇ ರಸ್ತೆ ಬಳಕೆಗೆ ಕೂಪೆ ಮೈಕಟ್ಟಿನ ಕಾರು ಮಾಡಿಸಿಕೊಂಡರು. 1938ರ ಹೊತ್ತಿಗೆ, ಬ್ರೂಕ್‌ಲ್ಯಾಂಡ್ಸ್ ಚಾಲಕ ಮೈಕ್ ಕೂಪರ್ ಅವರ ಕೈಯಲ್ಲಿ ಬಿಡಿಭಾಗಗಳು ಮತ್ತೊಮ್ಮೆ ಮರುಜೋಡಣೆಗೊಂಡವು. ಕಾರನ್ನು ಹುಟ್ಟುಹಾಕಿದ ಪೀಳಿಗೆ ಒಬ್ಬೊಬ್ಬರಾಗಿ ಮರೆಯಾಯಿತು. ಕಿಡ್‌ಸ್ಟನ್ 1931ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿಮಾನ ಅಪಘಾತದಲ್ಲಿ, ಬರ್ಕಿನ್ 1933ರಲ್ಲಿ, ಬಾರ್ನಾಟೋ 1948ರಲ್ಲಿ ತೀರಿಕೊಂಡರು. ಕಾರು ಮಾತ್ರ ಮಾಲೀಕರಿಂದ ಮಾಲೀಕರಿಗೆ ದಾಟುತ್ತ ಉಳಿಯಿತು.

1990ರ ಮೊಕದ್ದಮೆ

ಹಳೆಯ ರೇಸ್ ಕಾರುಗಳ ಬೆಲೆ ಗಗನಕ್ಕೇರಿದ್ದ ಕಾಲದಲ್ಲಿ ಅಂದಿನ ಮಾಲೀಕ ಹಬ್ಬರ್ಡ್ ಇದನ್ನು ಒಂದು ಕೋಟಿ ಪೌಂಡಿಗೆ ಮಿಡ್ಲ್‌ಬ್ರಿಡ್ಜ್ ಸಿಮಿಟರ್ ಕಂಪನಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲವೆಂದು ಕೊಳ್ಳುವವರು ಹಿಂದೆ ಸರಿದರು. ಮಾರುವವರು ಕೋರ್ಟಿಗೆ ಹೋದರು. ‘ಹಬ್ಬರ್ಡ್ ವಿರುದ್ಧ ಮಿಡ್ಲ್‌ಬ್ರಿಡ್ಜ್ ಸಿಮಿಟರ್’ ಎಂಬ ಈ ಮೊಕದ್ದಮೆಯ ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಆಟನ್.

ಸಾಕ್ಷ್ಯದಿಂದ ಹೊರಬಂದ ಲೆಕ್ಕ ಬೆರಗು ಹುಟ್ಟಿಸುವಂಥದ್ದು. ಕಾಲ ನಿರ್ಣಯಿಸಲಾಗದ ಕೆಲವು ಚಿಲ್ಲರೆ ಜೋಡಣೆಗಳನ್ನು ಬಿಟ್ಟರೆ 1929ರ ಕಾರಿನದು ಏನೂ ಉಳಿದಿರಲಿಲ್ಲ. 1930ರ ಕಾರಿನಿಂದ ಉಳಿದದ್ದು ಪೆಡಲ್ ಶಾಫ್ಟ್, ಗೇರ್ ಬಾಕ್ಸಿನ ಹೊರಕವಚ ಮತ್ತು ಸ್ಟಿಯರಿಂಗ್ ಕಾಲಂ. 1932ರ ಕಾರಿನ ಮುಖ್ಯ ಭಾಗಗಳು ಮಾತ್ರ ಬಹುಪಾಲು ಉಳಿದುಬಂದಿದ್ದವು.

ಇಷ್ಟಿದ್ದೂ ತೀರ್ಪು ಕಾರಿನ ಪರವಾಗಿ ಬಂತು. ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆಯೇ ಇಲ್ಲವಾದ್ದರಿಂದ ಇದನ್ನು ‘ಮೂಲ’ ಕಾರು ಎನ್ನಲಾಗದು ಎಂದು ನ್ಯಾಯಮೂರ್ತಿಗಳು ಒಪ್ಪಿದರು. ಆದರೆ ಬೇರೆಡೆ ಸಿಕ್ಕ ಚೂರುಗಳಿಂದ ಕಟ್ಟಿದ ಪ್ರತಿರೂಪವೂ ಇದಲ್ಲ. ಹೊಸ ಭಾಗಗಳು ಸ್ವಲ್ಪ ಸ್ವಲ್ಪವಾಗಿ, ವರ್ಷಗಳ ಅವಧಿಯಲ್ಲಿ ಸೇರಿಕೊಂಡು ಕಾರಿನೊಳಗೆ ಲೀನವಾಗಿವೆ. ಯಾವ ಹಂತದಲ್ಲೂ ಅದು ತನ್ನ ಗುರುತು ಕಳೆದುಕೊಂಡಿಲ್ಲ, ಚರಿತ್ರೆಯ ಎಳೆ ಎಲ್ಲೂ ಕಡಿದಿಲ್ಲ, ಈ ಹೆಸರಿಗೆ ಹಕ್ಕು ಹೇಳುವ ಇನ್ನೊಂದು ಕಾರೂ ಇಲ್ಲ. ಆದ್ದರಿಂದ ಇದೇ ಅಧಿಕೃತ ಓಲ್ಡ್ ನಂಬರ್ ಒನ್ ಎಂದು ಸಾರಿ, ಒಪ್ಪಂದವನ್ನು ಪೂರೈಸಬೇಕೆಂದು ಆದೇಶಿಸಿದರು.

ಮಹತ್ವ

ರಥವೆಂದರೆ ಅಚ್ಚೋ, ಗಾಲಿಯೋ, ನೊಗವೋ ಎಂದು ಬೌದ್ಧ ಗ್ರಂಥ ‘ಮಿಲಿಂದಪ್ರಶ್ನ’ದಲ್ಲಿ ನಾಗಸೇನ ಭಿಕ್ಷು ಮಿಲಿಂದ ದೊರೆಯನ್ನು ಕೇಳಿದ ಪ್ರಶ್ನೆ ಇಲ್ಲಿ ಒಂದು ಕೋಟಿ ಪೌಂಡಿನ ವ್ಯವಹಾರವಾಗಿ ಎದುರಾಗಿತ್ತು. ಹಳೆಯ ರೇಸ್ ಕಾರು ಕೊಳ್ಳುವವರು ಇಂದು ಚಾಸಿ ಸಂಖ್ಯೆಯಷ್ಟೇ ಕಾಳಜಿಯಿಂದ ಕಡಿಯದ ಚರಿತ್ರೆಯನ್ನೂ ಕೇಳುತ್ತಾರೆ. ಯಾರ ಕೈಯಲ್ಲಿತ್ತು, ಯಾವ ವರ್ಷ ಯಾವ ಭಾಗ ಬದಲಾಯಿತು, ತೆಗೆದ ಭಾಗ ಎಲ್ಲಿಗೆ ಹೋಯಿತು ಎಂಬ ದಾಖಲೆಗಳಿಗೆ ಆ ಲೋಕದಲ್ಲಿ ಇರುವ ಬೆಲೆಯನ್ನು ಈ ತೀರ್ಪು ಎತ್ತಿ ತೋರಿಸಿತು.

ರೇಸ್ ಕಾರಿನ ಮಟ್ಟಿಗೆ ಈ ತೀರ್ಪು ನ್ಯಾಯವಾದದ್ದು. ಪೆಟ್ಟಿಗೆಯಲ್ಲಿಟ್ಟು ಕಾಯುವ ಒಡವೆಯಂತಲ್ಲ ಅದು, ಓಡಿದಂತೆಲ್ಲ ಸವೆಯುವುದು ಅದರ ಧರ್ಮ. ಲೆ ಮಾನ್ ಗೆಲ್ಲಿಸಿದ ಲೋಹವೇ ಬೇಕೆಂದು ಹಟ ಹಿಡಿದರೆ, ಮೊದಲ ರೇಸಿನ ಮರುದಿನ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿದಾಗಲೇ ಕಾರು ಮುಗಿದುಹೋಗಿತ್ತು ಎನ್ನಬೇಕಾಗುತ್ತದೆ. ಬರ್ಕಿನ್ ಓಡಿಸಿದ, ಕಿಡ್‌ಸ್ಟನ್ ಜಖಂ ಮಾಡಿದ, ಕ್ಲೈವ್ ಡನ್‌ಫೀ ಕೊನೆಯ ಸುತ್ತು ಹಾಕಿದ ಕಾರು ಒಂದೇ. ರಿಪೇರಿ ಮಾಡಿದ ಪ್ರತಿ ಕೈಯೂ ಅದನ್ನು ಅದೇ ಕಾರೆಂದು ನಂಬಿಯೇ ಮುಂದಿನ ಓಟಕ್ಕೆ ಕಳಿಸಿತ್ತು.