ತೊಳೆಯದ ಹಾಲಿ ಸಿಕ್ಕಾ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡ ಮನೆಗಳಲ್ಲಿ ಹಿರಿಯರ ಪೆಟ್ಟಿಗೆ ತೆರೆದರೆ ಚಾರ್‌ಮಿನಾರ್ ಮುದ್ರೆಯ ಒಂದೆರಡು ಬೆಳ್ಳಿ ರೂಪಾಯಿಗಳು ಇಂದಿಗೂ ದೊರೆಯುವುದುಂಟು. ಅವು ಬಹುಮಟ್ಟಿಗೆ ಕಪ್ಪಾಗಿರುತ್ತವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಅವನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳ್ಳಗೆ ಮಾಡುವುದು ವಾಡಿಕೆ. ಹಾಗೆ ತೊಳೆಯಬಾರದೆಂದು ಹೇಳುವುದಕ್ಕಾಗಿಯೇ ಈ ಲೇಖನ. ಹೇಳುತ್ತಿರುವ ನಾವು ತೊಳೆದು ಕೆಟ್ಟವರೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ನಿಜಾಮರ ರಾಜ್ಯದ ಈ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಹಾಲಿ ಎಂದರೆ ಈಗ ಚಲಾವಣೆಯಲ್ಲಿರುವುದು. ಬ್ರಿಟಿಷರ ರೂಪಾಯಿ ಕಲ್ದಾರ್, ಅಂದರೆ ಯಂತ್ರದಲ್ಲಿ ಅಚ್ಚಾದದ್ದು. 7 ಹಾಲಿ ರೂಪಾಯಿಗೆ 6 ಕಲ್ದಾರ್ ಎಂಬುದು ನಿಗದಿಯಾದ ದರ. ಸೊಲ್ಲಾಪುರದ ಪೇಟೆಗೆ ಹೋಗಿಬರುವ ವ್ಯಾಪಾರಿಗೆ ಎರಡು ಲೆಕ್ಕ ತಪ್ಪುತ್ತಿರಲಿಲ್ಲ. ಈ ದರ ಎಲ್ಲಿಂದ ಬಂತೆಂದು ನಾವು ಒಮ್ಮೆ ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದ್ದೆವು. ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ. ಹಳೆಯ ಕಲ್ದಾರಿನ ತೂಕ 11.66 ಗ್ರಾಂ, ಬೆಳ್ಳಿ ಸಾವಿರಕ್ಕೆ 917 ಪಾಲು. ಗುಣಿಸಿ ನೋಡಿ: ಏಳು ಹಾಲಿಯಲ್ಲಿರುವ ಬೆಳ್ಳಿ ಸುಮಾರು 64 ಗ್ರಾಂ, ಆರು ಕಲ್ದಾರಿನಲ್ಲಿಯೂ ಅಷ್ಟೇ.

ಚಾರ್‌ಮಿನಾರ್ ಮುದ್ರೆ ಬಂದದ್ದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ದ್ವಾರದ ಕಮಾನಿನೊಳಗೆ ಒಂದು ಪುಟ್ಟ ಅಕ್ಷರವಿದೆ. ಬರಿಗಣ್ಣಿಗೆ ಸುಲಭವಾಗಿ ಕಾಣದು. ಅದು 'ಮೀಮ್' ಆಗಿದ್ದರೆ ಮಹಬೂಬರ ಕಾಲದ್ದು, 'ಐನ್' ಆಗಿದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರ ಕಾಲದ್ದು. ನಾಣ್ಯದ ಮೇಲೆ ಕನ್ನಡವಿಲ್ಲ. ಆದರೆ ಅದೇ ಸರಕಾರದ ಕಾಗದದ ನೋಟುಗಳ ಮೇಲೆ ಕನ್ನಡದಲ್ಲಿಯೂ ಮೊತ್ತ ಬರೆದಿತ್ತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ನಮ್ಮ ಹಳೆಯ ಜಿಲ್ಲೆಗಿಂತ ನಾಣ್ಯವೇ ಮೂರು ವರ್ಷ ಹೆಚ್ಚು ಬಾಳಿತು.

ಇನ್ನು ಕಪ್ಪಿನ ಮಾತು. ಗಾಳಿಯಲ್ಲಿಯೂ ಕಾಗದದಲ್ಲಿಯೂ ಇರುವ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಬಣ್ಣಗಳು ಹೊಳೆಯುವಂತೆಯೇ ಇಲ್ಲಿಯೂ ಮೊದಲು ತಿಳಿಹಳದಿ, ಬಳಿಕ ಕೆನ್ನೇರಳೆ, ನೀಲಿ, ಕಟ್ಟಕಡೆಗೆ ಕಪ್ಪು ಮೂಡುತ್ತವೆ. ಅಮೆರಿಕದಲ್ಲಿ 1930ರ ದಶಕದಲ್ಲಿ ವೇಯ್ಟ್ ರೇಮಂಡ್ ಎಂಬವರು ಮಾರಿದ ರಟ್ಟಿನ ಆಲ್ಬಮ್‌ಗಳಲ್ಲಿಟ್ಟ ನಾಣ್ಯಗಳು ಅಂಚಿನಿಂದ ಒಳಮುಖವಾಗಿ ಬಳೆಬಳೆಯಾಗಿ ಬಣ್ಣ ತಾಳಿದವು. ಸಂಗ್ರಾಹಕರು ಇಂದು ಅಂಥವನ್ನೇ ಹುಡುಕಿಕೊಂಡು ಹೋಗುತ್ತಾರೆ. ಗಂಧಕ ಹಾಕಿ ಕಾಯಿಸಿ ಒಂದೇ ದಿನದಲ್ಲಿ ಬಣ್ಣ ಬರಿಸಿ ಮಾರುವ ಚತುರರೂ ಇದ್ದಾರೆ, ಅದು ಬೇರೆ ಮಾತು. ನಮಗೆ ಸೋಜಿಗವೆಂದರೆ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿ ಹೂಜಿಯನ್ನು ನಾವು ಅತಿಥಿಗಳ ಮುಂದೆ ಹೆಮ್ಮೆಯಿಂದ ಇಡುತ್ತೇವೆ. ಕಾಲವೇ ಕಪ್ಪೇರಿಸಿದ ರೂಪಾಯಿಯನ್ನು ಮಾತ್ರ ಬಚ್ಚಲಿಗೆ ಒಯ್ಯುತ್ತೇವೆ.

ನಮ್ಮ ತಾಯಿಯವರ ಬಳಿ 23 ರೂಪಾಯಿಗಳಿದ್ದವು. ಅವುಗಳಲ್ಲಿ ಮೂರು ಅಜ್ಜಿಯ ಮದುವೆಯಲ್ಲಿ ಆಹೇರಿಯಾಗಿ ಬಂದವೆಂದು ಹೇಳುತ್ತಿದ್ದರು. ನಾವು ಸಹಶಿಕ್ಷಕರಾಗಿದ್ದ ದಿನಗಳಲ್ಲಿ ಶಾಲೆಯಲ್ಲೊಂದು ವಸ್ತುಪ್ರದರ್ಶನ ನಡೆಯಿತು. ಮಕ್ಕಳಿಗೆ ಚೆನ್ನಾಗಿ ಕಾಣಲೆಂದು ಹಿಂದಿನ ರಾತ್ರಿ ಕುಳಿತು, ಹುಣಸೆಹಣ್ಣಿಗೆ ಇಟ್ಟಿಗೆಯ ಪುಡಿ ಸೇರಿಸಿ 22ನ್ನು ತಿಕ್ಕಿದೆವು. ಒಂದು ಹಳೆಯ ಖಾತೆಪುಸ್ತಕದ ಹಾಳೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ಉಳಿಯಿತು. ಪ್ರದರ್ಶನದಲ್ಲಿ ಎಲ್ಲರೂ ಮೆಚ್ಚಿದರು. ಕೆಲವು ವರ್ಷಗಳ ಬಳಿಕ ಹೈದರಾಬಾದಿನಿಂದ ಬಂದ ಹಿರಿಯ ಸಂಗ್ರಾಹಕರೊಬ್ಬರು ಆ 22ನ್ನು ಒಮ್ಮೆ ನೋಡಿ ಬದಿಗಿಟ್ಟರು. ಉಳಿದೊಂದನ್ನು ಅಂಚು ಹಿಡಿದೆತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿದರು. ಅಂಚಿನಲ್ಲಿ ತಾಂಡೂರಿನ ಹಾಸುಗಲ್ಲಿನಂಥ ನೀಲಿ, ನಡುವೆ ಮಾಸಿದ ಹೊನ್ನಿನ ಬಣ್ಣ. "ಇವನ್ನು ತೊಳೆದವರು ಯಾರು?" ಎಂದು ಕೇಳಿದರು. ನಾವೇ ಎಂದೆವು. ಅವರು ಮತ್ತೇನೂ ಹೇಳಲಿಲ್ಲ.

ಅವರು ಹೋದ ಮೇಲೆ ಭೂತಗನ್ನಡಿ ಹಿಡಿದು ಅಜ್ಜಿಯ ಮೂರು ರೂಪಾಯಿಗಳನ್ನು ನೋಡಿದೆವು. ಅವು ಮೊದಲೇ ಸವೆದವು. ಕಮಾನಿನೊಳಗೆ ಅಕ್ಷರವಿದ್ದ ಕಡೆ ಇಟ್ಟಿಗೆಪುಡಿಯ ಗೀರುಗಳಷ್ಟೇ ಇದ್ದವು. ಹಿಜರಿ ವರ್ಷದ ಅಂಕಿಗಳೂ ಅಳಿಸಿದ್ದವು. ಮೀಮ್ ಇದ್ದಿದ್ದರೆ ತಾಯಿಯ ಮಾತಿಗೆ ಆಧಾರ ಸಿಗುತ್ತಿತ್ತು. ಅಜ್ಜಿಯ ಮದುವೆಯ ವರ್ಷಕ್ಕೆ ನಮ್ಮ ಮನೆಯಲ್ಲಿ ಬೇರೆ ದಾಖಲೆಯಿಲ್ಲ.

ಈಗ ಎಲ್ಲವೂ ಆಲ್ಬಮ್‌ನಲ್ಲಿವೆ. ಮೊದಲು ಕೊಂಡದ್ದು ಪೇಟೆಯ ಅಗ್ಗದ ಪ್ಲಾಸ್ಟಿಕ್ ಹಾಳೆಗಳದ್ದು; ಪಿ.ವಿ.ಸಿ. ಹಾಳೆ ನಾಣ್ಯದ ಮೇಲೆ ಹಸಿರು ಜಿಗುಟನ್ನು ಬಿಡುತ್ತದೆಂದು ಕಲಿತ ಮೇಲೆ ಆಮ್ಲರಹಿತ ರಟ್ಟಿಗೆ ಬದಲಾಯಿಸಿದೆವು. ಒಂದೊಂದು ನಾಣ್ಯದ ಕೆಳಗೂ ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂದು ಕನ್ನಡದಲ್ಲಿ ಬರೆದಿದೆ. ಆ ಮೂರರ ಕೆಳಗೆ ಇಸವಿಯ ಜಾಗ ಖಾಲಿ. 1980ರಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಏರಿದಾಗ ಎಷ್ಟೋ ಹಳೆಯ ರೂಪಾಯಿಗಳು ಅಕ್ಕಸಾಲಿಗರ ಮೂಸೆ ಸೇರಿದವು, ಉಳಿದವು ಎಣಿಕೆಯವು. ನಾಡಿನ ಹಳೆಯ ಬೀಜಗಳನ್ನು ಬುಟ್ಟಿಗಳಲ್ಲಿ ಕಾಪಾಡಿದ ಹೆಣ್ಣುಮಕ್ಕಳಿಂದ ಹೆಸರಾದ ಊರು ಪಸ್ತಾಪುರ. ಅಲ್ಲಿಯ ನಮ್ಮ ಮನೆಗೆ ಸಂಘದ ಬಂಧುಗಳು ತಮ್ಮ ಹಾಲಿ ಸಿಕ್ಕಾಗಳನ್ನು ತಂದರೆ ಮೀಮೋ ಐನೋ ಎಂದು ಓದಿ ಹೇಳುತ್ತೇವೆ. ದಯವಿಟ್ಟು ತೊಳೆಯದೆ ತನ್ನಿ.